ಮೌನಾ ಕೆಯಾ ತುದಿಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಹೋದರೆ ಅಲ್ಲಿ ನೋಡೋದೇನು?

ಸಾಗರದವಳು

ಎಲ್ಲರಿಗೂ ನಮಸ್ಕಾರ. ಅಪ್ಪ-ಅಮ್ಮ ಊರಿಂದ ಬಂದು ನಮ್ಮ ಜೊತೆ ಇದ್ದಾರೆ. ಡಿಸೆಂಬರ್‌ನಲ್ಲಿ ಹವಾಯಿಯ ದೊಡ್ಡ ದ್ವೀಪಕ್ಕೆ ಹೋಗಿ ಬರೋಣ ಅಂತ ಟಿಕೆಟ್ ಮಾಡಿಸಿ ಆಗಿದೆ. ಕಿಲಾವೆಯಾ, ಕಡಲತೀರ ಎಲ್ಲ ಸರಿ, ತಲೆನೋವು ಇರೋದು ಮೌನಾ ಕೆಯಾದ್ದು.

ಅಪ್ಪ ಭೂಗೋಳದ ಮೇಷ್ಟ್ರಾಗಿದ್ದವರು. "ಎವರೆಸ್ಟ್‌ಗಿಂತ ದೊಡ್ಡ ಬೆಟ್ಟ ಅದು, ಅಷ್ಟು ದೂರ ಹೋಗಿ ತುದಿ ನೋಡದೆ ಬರೋದಾ?" ಅಂತ ಒಂದೇ ಹಟ. ಅಮ್ಮನಿಗೆ ಬಿಪಿ ಇದೆ, ದಿನಾ ಮಾತ್ರೆ. ಅವರ ಚಿಂತೆ ಬೇರೆ: "ಜ್ವಾಲಾಮುಖಿ ಅಂದ ಮೇಲೆ ಯಾವಾಗ ಏಳುತ್ತೋ ಯಾರಿಗೆ ಗೊತ್ತು, ಅದರ ನೆತ್ತಿ ಮೇಲೆ ಹೋಗಿ ಯಾಕೆ ನಿಲ್ಲಬೇಕು?" ನಮ್ಮೆಜಮಾನರಿಗೆ ಟೆಲಿಸ್ಕೋಪ್ ಹುಚ್ಚು, ತುದಿಯಲ್ಲಿ ದೊಡ್ಡ ದೊಡ್ಡವು ಇವೆಯಲ್ಲ. ಜೊತೆಗೆ ಆರು ವರ್ಷದ ಮಗ. ನನಗಂತೂ ಫೋಟೋಗಳಲ್ಲಿ ಕಂದು ಮಣ್ಣು, ಬಿಳಿ ಗುಮ್ಮಟ ಬಿಟ್ಟರೆ ಏನೂ ಕಾಣಲಿಲ್ಲ. ಅಷ್ಟು ಕಷ್ಟಪಟ್ಟು ಹೋಗುವಂಥದ್ದು ಅಲ್ಲಿ ಏನಿದೆ? ಹೋಗಿ ಬಂದವರು, ಗೊತ್ತಿರುವವರು ಸ್ವಲ್ಪ ಹೇಳಿ.

ಕಲ್ಲುಬಂಡೆ

ಮೊದಲು ನಿಮ್ಮ ಅಮ್ಮನ ಪ್ರಶ್ನೆ, ಇಲ್ಲಿರುವುದರಲ್ಲಿ ಅದೇ ಒಳ್ಳೆಯ ಪ್ರಶ್ನೆ.

ಮೌನಾ ಕೆಯಾ ಕೊನೆಯ ಸಲ ಲಾವಾ ಉಗುಳಿದ್ದು ಸುಮಾರು 4,500 ವರ್ಷಗಳ ಹಿಂದೆ. ಸತ್ತಿಲ್ಲ, ಮಲಗಿದೆ. ಮುಂದೆ ಯಾವತ್ತಾದರೂ ಏಳುತ್ತದೆ ಅಂತಲೇ ಭೂವಿಜ್ಞಾನಿಗಳ ಅಭಿಪ್ರಾಯ. ಆದರೆ ಅದು ಹೇಳದೆ ಕೇಳದೆ ಏಳುವುದಿಲ್ಲ. ಲಾವಾ ಮೇಲೆ ಬರಬೇಕಾದರೆ ಒಳಗಿನ ಕಲ್ಲನ್ನು ಸೀಳಿಕೊಂಡೇ ಬರಬೇಕು. ಆಗ ನೆಲ ನಡುಗುತ್ತದೆ, ಉಬ್ಬುತ್ತದೆ, ಸುತ್ತ ಇಟ್ಟಿರುವ ಉಪಕರಣಗಳಿಗೆ ಅದು ಗೊತ್ತಾಗುತ್ತದೆ. ಈಗ ಅಂಥ ಸೂಚನೆ ಏನೂ ಇಲ್ಲ. ಅಮ್ಮನಿಗೆ ಧೈರ್ಯವಾಗಿ ಹೇಳಿ, ಡಿಸೆಂಬರ್‌ನಲ್ಲಿ ಏಳಲ್ಲ ಅಂತ.

ಮಲಗಿದೆ ಅಂದರೆ ಒಳಗೆ ಎಲ್ಲ ತಣ್ಣಗಾಗಿದೆ ಅಂತ ಅಲ್ಲ. 2020ರಲ್ಲಿ ಒಂದು ಅಧ್ಯಯನ ಬಂತು. ಬೆಟ್ಟದ ಅಡಿಯಲ್ಲಿ, ಇಪ್ಪತ್ತು ಕಿಲೋಮೀಟರಿಗೂ ಆಳದಲ್ಲಿ, 7ರಿಂದ 12 ನಿಮಿಷಕ್ಕೊಮ್ಮೆ ಒಂದು ಸಣ್ಣ ಕಂಪನ ಆಗುತ್ತಲೇ ಇದೆ. 1999ರಿಂದ ದಾಖಲೆ ಹುಡುಕಿದರೆ ಹತ್ತು ಲಕ್ಷಕ್ಕೂ ಜಾಸ್ತಿ ಸಿಕ್ಕಿತು. ಅಷ್ಟು ವರ್ಷ ಯಾರ ಗಮನಕ್ಕೂ ಬಂದಿರಲಿಲ್ಲ, ಅಷ್ಟು ಮೆತ್ತಗಿನ ಕಂಪನ. ಕೆಳಗೆ ಉಳಿದ ಶಿಲಾಪಾಕ ನಿಧಾನವಾಗಿ ತಣಿದು ಗಟ್ಟಿಯಾಗುವಾಗ ಅದರಲ್ಲಿದ್ದ ಅನಿಲ, ನೀರಿನ ಆವಿ ಬಿಡಿಸಿಕೊಂಡು ಹೊರಗೆ ಬರುತ್ತವೆ, ಆ ಒತ್ತಡಕ್ಕೆ ಕಂಪನ ಅಂತ ಅವರ ವಿವರಣೆ. ಅಂದರೆ ಅದು ಏಳುವ ಸದ್ದಲ್ಲ, ತಣಿಯುವ ಸದ್ದು. ಇದನ್ನು ಅಮ್ಮನಿಗೆ ಹೇಳಲೇಬೇಕು ಅಂತೇನಿಲ್ಲ.

ಈ ದ್ವೀಪದಲ್ಲಿ ಐದು ಜ್ವಾಲಾಮುಖಿ ಒಂದಕ್ಕೊಂದು ಅಂಟಿಕೊಂಡಿವೆ. ಕಿಲಾವೆಯಾ ಆಗಾಗ ಉರಿಯುತ್ತಲೇ ಇರುತ್ತದೆ, ಮೌನಾ ಲೋವಾ 2022ರ ಕೊನೆಯಲ್ಲಿ ಉಕ್ಕಿತು. ಇಷ್ಟು ಹತ್ತಿರ ಇದ್ದೂ ಒಬ್ಬ ಎಚ್ಚರ, ಒಬ್ಬ ನಿದ್ದೆ ಯಾಕೆ? ಬೆಂಕಿಯ ಮೂಲ ಭೂಮಿಯ ಒಳಗೆ ಹೆಚ್ಚುಕಡಿಮೆ ಒಂದೇ ಕಡೆ ನಿಂತಿದೆ. ಅದರ ಮೇಲೆ ಪೆಸಿಫಿಕ್ ಭೂಫಲಕ ವರ್ಷಕ್ಕೆ 7ರಿಂದ 10 ಸೆಂಟಿಮೀಟರ್ ವಾಯವ್ಯಕ್ಕೆ ಜರುಗುತ್ತದೆ. ಸುಮಾರು ಹತ್ತು ಲಕ್ಷ ವರ್ಷದ ಹಿಂದೆ ಕಡಲ ತಳದಲ್ಲಿ ಹುಟ್ಟಿದ ಮೌನಾ ಕೆಯಾ ಈಗ ಆ ಮೂಲದಿಂದ ಸರಿದುಹೋಗಿದೆ, ಕೆಳಗಿಂದ ಪೂರೈಕೆ ಕಡಿಮೆಯಾಗಿದೆ. ಇನ್ನೂ ವಾಯವ್ಯಕ್ಕಿರುವ ಕವಾಯಿ ದ್ವೀಪ ಸುಮಾರು 50 ಲಕ್ಷ ವರ್ಷ ಹಳೆಯದು, ಅಲ್ಲಿ ಬೆಂಕಿಯ ಕಥೆ ಮುಗಿದು ಹಸಿರು ಕಣಿವೆಗಳಾಗಿವೆ. ಇತ್ತ ಆಗ್ನೇಯದಲ್ಲಿ ಕಡಲ ಒಳಗೆ ಹೊಸದೊಂದು ಬೆಳೀತಾ ಇದೆ, ಇನ್ನೂ ತಲೆ ಎತ್ತಿಲ್ಲ.

ಪೂರೈಕೆ ಕಡಿಮೆಯಾದಾಗ ಲಾವಾ ಸ್ವಭಾವವೂ ಬದಲಾಗುತ್ತದೆ. ಮೌನಾ ಲೋವಾದ್ದು ತೆಳು, ದೂರದವರೆಗೆ ಹರಿಯುತ್ತದೆ, ಅದಕ್ಕೇ ಬೆನ್ನು ನುಣ್ಣಗೆ. ಮೌನಾ ಕೆಯಾದ ಕೊನೆಕೊನೆಯ ಲಾವಾ ಮಂದ, ಅನಿಲವೂ ಜಾಸ್ತಿ, ಅದು ಸಿಡಿದು ಬೂದಿ-ಕಿಟ್ಟದ ಗುಡ್ಡೆಗಳನ್ನು ಮಾಡಿದೆ. ಎರಡು ಬೆಟ್ಟದ ನಡುವಿನ ರಸ್ತೆಯಲ್ಲಿ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಲು ಅಪ್ಪನಿಗೆ ಹೇಳಿ. ಮೇಷ್ಟ್ರಿಗೆ ನಾನು ಪಾಠ ಮಾಡಬೇಕಾಗಿಲ್ಲ, ನೋಡಿದ ತಕ್ಷಣ ಅವರೇ ನಿಮಗೆ ಪಾಠ ಶುರು ಮಾಡ್ತಾರೆ.

ಎವರೆಸ್ಟ್ ಮಾತು: ಸಮುದ್ರಮಟ್ಟದಿಂದ ಮೌನಾ ಕೆಯಾ 4,207 ಮೀಟರ್ ಅಷ್ಟೇ. ಕಡಲ ತಳದ ಬುಡದಿಂದ ಅಳೆದರೆ 10,200 ಮೀಟರ್ ಆಸುಪಾಸು, ಎವರೆಸ್ಟ್ 8,849. ಬುಡ ಎಲ್ಲಿಂದ ಶುರು ಅಂತ ಲೆಕ್ಕ ಹಾಕ್ತೀರಿ ಅನ್ನೋದರ ಮೇಲೆ ಇಬ್ಬರೂ ಗೆಲ್ಲಬಹುದು. ಈ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಇಷ್ಟು ಭಾರಕ್ಕೆ ಕೆಳಗಿನ ಕಡಲ ತಳವೇ ಬಾಗಿ ಕುಸಿದಿದೆ, ನನಗೆ ಅದು ಇನ್ನೂ ದೊಡ್ಡ ಸಂಗತಿ.

ಹೊನೊಲುಲು ಭಟ್ಟ

ಕಲ್ಲುಬಂಡೆ ಹೇಳಿದ್ದು ಪೂರ್ತಿ ಸರಿ, ಆದರೆ ಪ್ರಶ್ನೆ ಕೇಳಿದವರು ಕುಟುಂಬ ಕಟ್ಟಿಕೊಂಡು ಹೋಗೋರು, ಅವರಿಗೆ ಬೇಕಾದ್ದು ಹೇಳ್ತೇನೆ.

ಮೇಡಂ, ಅಮ್ಮ ತುದಿಗೆ ಬೇಡ. ಮಗನೂ ಬೇಡ. ಇದು ನನ್ನ ಅಭಿಪ್ರಾಯ ಅಲ್ಲ, ಅಲ್ಲಿಯ ಸೂಚನೆಯೇ ಹಾಗಿದೆ. 13 ವರ್ಷದ ಒಳಗಿನ ಮಕ್ಕಳು, ಗರ್ಭಿಣಿಯರು, ಬಿಪಿ, ಹೃದಯ, ಉಸಿರಾಟದ ತೊಂದರೆ ಇರುವವರು ಸಂದರ್ಶಕರ ಕೇಂದ್ರದಿಂದ ಮೇಲೆ ಹೋಗಬಾರದು ಅಂತ. ಆ ಕೇಂದ್ರ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930, ಅಂದರೆ ಅಲ್ಲಿ ನಿಂತರೇ ಕರ್ನಾಟಕದ ಯಾವ ಬೆಟ್ಟಕ್ಕಿಂತಲೂ ಎಷ್ಟೋ ಮೇಲೆ ಇರ್ತೀರಿ. ತುದಿಯಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದ ಸುಮಾರು 60 ಪರ್ಸೆಂಟ್ ಅಷ್ಟೇ. ಬೆಳಗ್ಗೆ ಸಮುದ್ರದಲ್ಲಿ ಈಜಿ ಮಧ್ಯಾಹ್ನ ಅಲ್ಲಿ ಹೋಗಿ ನಿಂತರೆ ಗಟ್ಟಿಮುಟ್ಟಾದ ಹುಡುಗರಿಗೂ ತಲೆ ಗಿರ್ ಅನ್ನುತ್ತದೆ. ಸ್ಕೂಬಾ ಮಾಡುವ ಯೋಚನೆ ಇದ್ದರೆ ಅದಾದ 24 ಗಂಟೆ ಬೆಟ್ಟದ ಹತ್ತಿರ ಸುಳಿಯಬೇಡಿ.

ಅಪ್ಪ ಮತ್ತು ಯಜಮಾನರು ಹೋಗಬಹುದು, ಆದರೆ ಅಪ್ಪನ ಡಾಕ್ಟರನ್ನು ಒಂದು ಮಾತು ಕೇಳಿ. ಕೇಂದ್ರದಲ್ಲಿ ಕನಿಷ್ಠ ಅರ್ಧ ಗಂಟೆ ಸುಮ್ನೆ ಕೂತು ನೀರು ಕುಡಿದು ಮೈ ಒಗ್ಗಿಸಿಕೊಳ್ಳಬೇಕು. ಅಲ್ಲಿಂದ ಮೇಲೆ ಎಂಟು ಕಿಲೋಮೀಟರಿನಷ್ಟು ಜಲ್ಲಿ ರಸ್ತೆ, ಕಡಿದಾದ ಏರು, ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಯನ್ನು ರೇಂಜರ್‌ಗಳು ಮುಂದೆ ಬಿಡಲ್ಲ. ಇಳಿಯುವಾಗ ಲೋ ಗೇರ್‌ನಲ್ಲೇ ಇಳಿಯಬೇಕು. ಬ್ರೇಕ್ ಒತ್ತಿಕೊಂಡೇ ಬಂದು ಬ್ರೇಕ್ ಸುಟ್ಟುಕೊಂಡವರಿದ್ದಾರೆ.

ಇನ್ನೊಂದು, ಬಾಡಿಗೆ ಕಾರಿನ ಕರಾರು ಪೂರ್ತಿ ಓದಿ. ಫೋರ್ ವೀಲ್ ಅಂತ ದುಬಾರಿ ಜೀಪ್ ಕೊಟ್ಟು, ಸಹಿ ಹಾಕಿಸಿಕೊಂಡ ಕಾಗದದ ಹಿಂದೆ ಸಣ್ಣ ಅಕ್ಷರದಲ್ಲಿ "ತುದಿ ರಸ್ತೆಗೆ ಒಯ್ಯುವಂತಿಲ್ಲ" ಅಂತ ಬರೆದಿದ್ದರು ನನಗೆ. ಕೇಳಿದರೆ ಕೌಂಟರಿನ ಹುಡುಗ ಭುಜ ಕುಣಿಸಿದ. ಲೈಸೆನ್ಸ್ ಇರುವ ಟೂರ್ ವ್ಯಾನ್‌ನಲ್ಲಿ ಹೋಗುವುದು ನೆಮ್ಮದಿ, ದಪ್ಪ ಕೋಟೂ ಅವರೇ ಕೊಡುವುದುಂಟು. ಡಿಸೆಂಬರ್‌ನಲ್ಲಿ ಹಿಮ ಬಿದ್ದರೆ ರಸ್ತೆ ಮುಚ್ಚುತ್ತಾರೆ, ಹೌದು, ಹವಾಯಿಯಲ್ಲಿ ಹಿಮ. ಪೊಲಿಯಾಹು ಅನ್ನುವ ಹಿಮದೇವತೆಯ ಮನೆ ಅದು ಅಂತ ಅಲ್ಲಿಯವರ ನಂಬಿಕೆ. ಸೂರ್ಯ ಮುಳುಗಿ ಅರ್ಧ ಗಂಟೆಗೆ ಎಲ್ಲರೂ ತುದಿಯಿಂದ ಇಳಿಯಲೇಬೇಕು.

ಪಲಿಲಾ ಪ್ರೇಮಿ

"ಕಂದು ಮಣ್ಣು, ಬಿಳಿ ಗುಮ್ಮಟ" ಅಂತ ಬರೆದಿದ್ದು ಓದಿ ಸುಮ್ಮನಿರಲು ಆಗಲಿಲ್ಲ. ಎಲ್ಲರೂ ತುದಿ ತುದಿ ಅಂತ ಓಡುವ ಬೆಟ್ಟ ಇದು. ನನ್ನ ಕೇಳಿದರೆ ತುದಿಗಿಂತ ಅದರ ಸೊಂಟದ ಸುತ್ತ ಇರುವ ಕಾಡು ನೋಡಬೇಕು. ಅಮ್ಮ, ಮಗ, ನೀವು, ಯಾರೂ ಏನೂ ಕಳೆದುಕೊಳ್ಳಲ್ಲ.

ದ್ವೀಪದ ಪೂರ್ವ ಕರಾವಳಿಯ ಹಿಲೋ ಊರಿನ ಕಡೆಯಿಂದ ಹೊರಡಿ. ಹಿಲೋದಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಈಶಾನ್ಯದಿಂದ ಬೀಸುವ ಗಾಳಿ ಮೋಡವನ್ನೆಲ್ಲ ಈ ಪಕ್ಕಕ್ಕೇ ಸುರಿದು ಖಾಲಿಯಾಗುತ್ತದೆ, ಬೆಟ್ಟದ ಆಚೆ ಪಕ್ಕದ ಕರಾವಳಿ ಒಣಗಿ ಕರಿ ಕಲ್ಲು. ಸಾಗರದವರಿಗೆ ಇದು ಹೊಸದಲ್ಲ, ನಮ್ಮ ಆಗುಂಬೆ-ಚಿತ್ರದುರ್ಗದ ಲೆಕ್ಕವೇ, ಗಾಳಿಯ ದಿಕ್ಕು ಮಾತ್ರ ಬೇರೆ. ಹಿಲೋ ಬಿಟ್ಟರೆ ಜರಿಗಿಡ, ಓಹಿಯಾ ಮರ, ಮಂಜು. ಮೇಲೆ ಹೋಗುತ್ತಾ ಸುಮಾರು 2,000 ಮೀಟರ್ ದಾಟಿದ ಮೇಲೆ ಮೋಡ ಕೆಳಗೆ ಉಳಿಯುತ್ತದೆ, ತಲೆ ಮೇಲೆ ಬರೀ ಬಿಸಿಲು, ಒಣ ಗಾಳಿ. ಅಲ್ಲಿಂದ ಮಾಮನೆ ಮರಗಳು ಶುರು.

ಮಾಮನೆ ಅವರೆ-ತೊಗರಿ ಜಾತಿಯ ಮರ, ಹಳದಿ ಹೂವು, ಗಂಟುಗಂಟಾದ ಕಾಯಿ. ಇದನ್ನೇ ನಂಬಿ ಬದುಕುವ ಹಕ್ಕಿ ಪಲಿಲಾ. ಹಳದಿ ತಲೆ, ಬೂದು ಬೆನ್ನು, ದಪ್ಪ ಗಿಡ್ಡ ಕೊಕ್ಕು. ಹಸಿ ಕಾಯಿ ಕಿತ್ತು ಕೊಂಬೆಗೆ ಒತ್ತಿ ಕಾಲಲ್ಲಿ ಹಿಡಿದು, ಕೊಕ್ಕಿನಿಂದ ಸಿಪ್ಪೆ ಸೀಳಿ, ಒಳಗಿನ ಬೀಜ ಮಾತ್ರ ತಿನ್ನುತ್ತದೆ. ಆ ಬೀಜ ಬೇರೆ ಪ್ರಾಣಿಗಳಿಗೆ ವಿಷ, ಇದಕ್ಕೆ ಊಟ. ಮರಿಗಳಿಗೆ ಕಾಯಿಯೊಳಗಿನ ಹುಳವನ್ನೂ ಕೊಡುತ್ತದೆ. ಇಡೀ ಭೂಮಿಯಲ್ಲಿ ಈ ಹಕ್ಕಿ ಈಗ ಉಳಿದಿರುವುದು ಈ ಒಂದೇ ಬೆಟ್ಟದ ಇಳಿಜಾರಿನಲ್ಲಿ, ಅದೂ ಸಾವಿರಕ್ಕಿಂತ ಕಡಿಮೆ.

ಯಾಕೆ ಹೀಗಾಯಿತು ಅಂದರೆ ಕುರಿ, ಆಡು, ದನ. 1790ರ ದಶಕದಲ್ಲಿ ಜಾರ್ಜ್ ವ್ಯಾಂಕೋವರ್ ಅನ್ನುವ ಇಂಗ್ಲಿಷ್ ಕಪ್ತಾನ ದನ, ಕುರಿಗಳನ್ನು ತಂದು ರಾಜನಿಗೆ ಉಡುಗೊರೆ ಕೊಟ್ಟ. ಅವು ಕಾಡು ಸೇರಿ ಲೆಕ್ಕವಿಲ್ಲದಷ್ಟಾಗಿ ಮಾಮನೆ ಸಸಿಗಳನ್ನೆಲ್ಲ ಬೋಳಿಸಿಬಿಟ್ಟವು. ದನ ಹಿಡಿಯಲು ತೋಡಿದ ಗುಂಡಿಗೆ ಬಿದ್ದು 1834ರಲ್ಲಿ ಡೇವಿಡ್ ಡಗ್ಲಾಸ್ ಅನ್ನುವ ಸಸ್ಯಶಾಸ್ತ್ರಜ್ಞ ಇದೇ ಬೆಟ್ಟದಲ್ಲಿ ಸತ್ತ. ಅಮೆರಿಕದ ಡಗ್ಲಾಸ್ ಫರ್ ಮರಕ್ಕೆ ಅವನದೇ ಹೆಸರು. ಅವನೇ ಬಿದ್ದನೋ ಯಾರಾದರೂ ತಳ್ಳಿದರೋ ಅಂತ ಆಗಲೇ ಗುಸುಗುಸು ಎದ್ದಿತ್ತು, ಅದು ಬೇರೆ ಪುರಾಣ.

ಕೊನೆಗೆ 1970ರ ದಶಕದಲ್ಲಿ ಕೇಸು ಬಿತ್ತು. ಅರ್ಜಿದಾರರ ಪಟ್ಟಿಯಲ್ಲಿ ಮೊದಲ ಹೆಸರು ಪಲಿಲಾ, ಹಕ್ಕಿಯದೇ. ಎದುರುಗಡೆ ಹವಾಯಿ ಸರ್ಕಾರದ ಇಲಾಖೆ. ಹಕ್ಕಿ ಗೆದ್ದಿತು, ಆಡು-ಕುರಿಗಳನ್ನು ತೆಗೆಯಬೇಕು ಅಂತ 1979ರಲ್ಲಿ ಆದೇಶ ಆಯಿತು. ಆದರೆ ಗೆದ್ದರೇನು, ಬೇಲಿ ಹಾಕಿ ಸಸಿ ನೆಟ್ಟು ಕಾಡು ಮರಳಿ ಬರಲು ಎಷ್ಟೋ ದಶಕ ಬೇಕು, ಮಧ್ಯೆ ಬರಗಾಲ, ಕಾಡು ಸೇರಿದ ಸಾಕುಬೆಕ್ಕುಗಳ ಕಾಟ.

ಸಂದರ್ಶಕರ ಕೇಂದ್ರದ ಹತ್ತಿರವೇ ಬೇಲಿ ಹಾಕಿದ ಒಂದು ಜಾಗದಲ್ಲಿ ಬೆಳ್ಳಿಕತ್ತಿ ಗಿಡ ಇದೆ, ಇಂಗ್ಲಿಷಿನಲ್ಲಿ ಸಿಲ್ವರ್‌ಸ್ವರ್ಡ್ ಅಂತಾರೆ. ಬಗ್ಗಿ ನೋಡಿ. ಎಲೆ ಮೇಲೆ ದಟ್ಟ ಬೆಳ್ಳಿ ರೋಮ, ಬಿಸಿಲನ್ನು ವಾಪಸ್ ಹೊಡೆಯಲು, ನೀರು ಆರದಂತೆ ತಡೆಯಲು. ವರ್ಷಗಟ್ಟಲೆ ಚೆಂಡಿನ ಹಾಗೆ ನೆಲಕ್ಕಂಟಿ ಕೂತಿದ್ದು, ಒಂದು ಸಲ ಆಳೆತ್ತರದ ಹೂದಂಡ ಎತ್ತಿ ಹೂಬಿಟ್ಟು ಸಾಯುತ್ತದೆ. ಇದೂ ಕುರಿಗಳ ಬಾಯಿಗೆ ಸಿಕ್ಕಿ ಬೆರಳೆಣಿಕೆಗೆ ಇಳಿದಿತ್ತು, ಈಗ ನೆಟ್ಟು ಬೆಳೆಸುತ್ತಿದ್ದಾರೆ.

ತುದಿಗೆ ಹೋಗುವವರಿಗೂ ಒಂದು ಮಾತು. ಅಲ್ಲಿ ಏನೂ ಬದುಕಲ್ಲ ಅಂತ ಅನಿಸುತ್ತದೆ, ಅಲ್ವಾ? ಕಿಟ್ಟದ ಕಲ್ಲುಗಳ ಸಂದಿಯಲ್ಲಿ ವೇಕಿಯು ಅನ್ನುವ ಒಂದು ತಿಗಣೆ ಇದೆ, ಅಕ್ಕಿಕಾಳಿಗಿಂತ ಚಿಕ್ಕದು. ಇದರ ನೆಂಟರೆಲ್ಲ ಬೇರೆ ಕಡೆ ಬೀಜ ತಿಂದು ಬದುಕುವವರು. ಇಲ್ಲಿ ಬೀಜ ಎಲ್ಲಿಂದ ಬರಬೇಕು? ಹಾಗಾಗಿ ಕೆಳಗಿಂದ ಗಾಳಿ ಎತ್ತಿ ತಂದು ಹಾಕಿದ, ಚಳಿಗೆ ಮರಗಟ್ಟಿದ ನೊಣ-ಪತಂಗಗಳ ರಸ ಹೀರುತ್ತದೆ. ಅದರ ರಕ್ತ ಹೆಪ್ಪುಗಟ್ಟದಂತೆ ಒಳಗೇ ಒಂದು ವ್ಯವಸ್ಥೆ ಇದೆ. ಇದು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೇ 1979ರಲ್ಲಿ. ಅದಕ್ಕೇ ರಸ್ತೆ ಬಿಟ್ಟು ಕಿಟ್ಟದ ಗುಡ್ಡೆ ಮೇಲೆ ಹತ್ತಬೇಡಿ, ಹೊರಡುವ ಮುಂಚೆ ಶೂ ತಳ ಉಜ್ಜಿ ತೊಳೆಯಿರಿ, ಇರುವೆ, ಕಳೆಬೀಜ ಮೇಲೆ ಹೋಗದಿರಲಿ.

ಹೊಸಕೋಟೆ ಗೇಟ್

ಯಜಮಾನರಿಗೆ ಟೆಲಿಸ್ಕೋಪ್ ಹುಚ್ಚು ಅಂದ್ರಿ, ಆ ಪಕ್ಷದವನು ನಾನು. ಮೋಡ ಕೆಳಗೆ, ಒಣ ಗಾಳಿ ಮೇಲೆ, ಸುತ್ತ ಕಡಲು, ಊರಿನ ಬೆಳಕಿಲ್ಲ. ಹಿಲೋದಲ್ಲಿ ಬೀದಿದೀಪ ಹಳದಿ ಯಾಕೆ ಅಂದರೂ ಇದೇ ಕಾರಣ, ಆಕಾಶ ಕತ್ತಲಾಗಿರಲಿ ಅಂತ ಮಾಡಿದ ನಿಯಮ. ಅವಳಿ ಕೆಕ್ ದುರ್ಬೀನುಗಳು ತಲಾ 10 ಮೀಟರ್, ಜಪಾನಿನ ಸುಬಾರು 8.2. ನಮ್ಮ ಗ್ಯಾಲಕ್ಸಿಯ ನಡುವೆ ಕಪ್ಪುರಂಧ್ರ ಇದೆ ಅಂತ ತೋರಿಸಿ 2020ರ ನೊಬೆಲ್ ಹಂಚಿಕೊಂಡ ಆಂಡ್ರಿಯಾ ಗೆಜ್ ಅಲ್ಲಿಯ ನಕ್ಷತ್ರಗಳ ಓಡಾಟ ಅಳೆದಿದ್ದು ಕೆಕ್‌ನಲ್ಲೇ.

ನಮ್ಮೂರಿಗೂ ಈ ಬೆಟ್ಟಕ್ಕೂ ನೇರ ನಂಟಿದೆ. ಮೌನಾ ಕೆಯಾ ಮೇಲೆ ಕಟ್ಟಬೇಕು ಅಂತಿದ್ದ ಟಿಎಂಟಿಯ, ಅಂದರೆ ಮೂವತ್ತು ಮೀಟರ್ ಟೆಲಿಸ್ಕೋಪಿನ, ಮುಖ್ಯ ಕನ್ನಡಿ 492 ತುಂಡುಗಳದ್ದು. ಭಾರತ ಇದರಲ್ಲಿ ಪಾಲುದಾರ, ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ನಮ್ಮ ಕಡೆಯಿಂದ ಮುಂದೆ ನಿಂತಿದೆ. ನಮ್ಮ ಪಾಲಿನ ಕನ್ನಡಿ ತುಂಡುಗಳಿಗೆ ಪಾಲಿಶ್ ಮಾಡಲು ಹೊಸಕೋಟೆಯ ಕ್ಯಾಂಪಸ್ಸಿನಲ್ಲಿ ಘಟಕ ಕಟ್ಟಿದ್ದಾರೆ. ಕನ್ನಡಿ ಇಲ್ಲಿ ಉಜ್ಜಬಹುದು, ನಿಲ್ಲಿಸಲು ಬೆಟ್ಟ ಸಿಗ್ತಿಲ್ಲ! 2009ರಲ್ಲಿ ಜಾಗ ಆಯ್ಕೆಯಾಯಿತು, 2015ರಲ್ಲಿ ಹವಾಯಿ ಸುಪ್ರೀಂ ಕೋರ್ಟ್ ಪರವಾನಗಿ ರದ್ದು ಮಾಡಿತು, 2018ರಲ್ಲಿ ಅದೇ ಕೋರ್ಟ್ ಹೊಸ ಪರವಾನಗಿ ಎತ್ತಿಹಿಡಿಯಿತು, 2019ರಲ್ಲಿ ಬೆಟ್ಟ ಪವಿತ್ರ, ಕಟ್ಟಬೇಡಿ ಅನ್ನುವ ಮೂಲಜನರ ರಸ್ತೆ ತಡೆ. ಅಲ್ಲಿಗೆ ನಿಂತಿತು. ಈಗ ಸ್ಪೇನ್ ದುಡ್ಡು ಕೊಡ್ತೇವೆ, ಲಾ ಪಾಲ್ಮಾಗೆ ಬನ್ನಿ ಅಂತ ಕರೀತಿದೆ. ಅದೂ ಜ್ವಾಲಾಮುಖಿ ದ್ವೀಪವೇ, 2021ರಲ್ಲಿ ಉಕ್ಕಿ ಮನೆಗಳನ್ನು ನುಂಗಿತ್ತು. ಒಂದು ಒಳ್ಳೆಯ ಯಂತ್ರ ಹೀಗೆ ವರ್ಷಗಟ್ಟಲೆ ಕಾಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬಯಲುಸೀಮೆ

ಹೊಸಕೋಟೆ ಅವರೇ, ಹೊಟ್ಟೆ ಉರಿಯುವುದು ಸರಿ. ಆದರೆ ರಸ್ತೆಯಲ್ಲಿ ಕೂತವರ ಮಾತೂ ಕೇಳಿ. 2019ರ ಜುಲೈನಲ್ಲಿ ಮೊದಲು ಬಂಧನವಾಗಿದ್ದು ಅಜ್ಜ-ಅಜ್ಜಿಯರು. ಹುಡುಗರು ಹಿಂದೆ ನಿಲ್ಲಿ, ನಾವು ಕೂರ್ತೇವೆ ಅಂತ ಕೂತವರು. ಅಲ್ಲಿಯ ಮೂಲಜನರಿಗೆ ಈ ಬೆಟ್ಟ ವಂಶದ ಹಿರಿಯನ ಹಾಗೆ. ತುದಿಯ ಹತ್ತಿರ ಸುಮಾರು 3,970 ಮೀಟರ್ ಎತ್ತರದಲ್ಲಿ ವಾಯಾವು ಅಂತ ಒಂದು ಸಣ್ಣ ಕೆರೆ ಇದೆ. ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯನ್ನು ತಂದು ಅಲ್ಲಿ ಒಪ್ಪಿಸುವ ಪದ್ಧತಿ ಕೆಲವು ಮನೆತನಗಳಲ್ಲಿದೆ. 2013ರಲ್ಲಿ ಆ ಕೆರೆ ಬತ್ತಿ ಕೊಚ್ಚೆಯಷ್ಟಾಗಿತ್ತು, ಮುಂದಿನ ವರ್ಷ ಮತ್ತೆ ತುಂಬಿತು.

ಅದರ ಕೆಳಗೆ ಬಾಚಿ ಮಾಡುವ ಕಲ್ಲಿನ ಗಣಿ ಇದೆ. ಹಿಮಯುಗದಲ್ಲಿ ಈ ಬೆಟ್ಟದ ತಲೆಗೆ ಹಿಮದ ಗಡ್ಡೆ ಕವಿದಿತ್ತು. ಆಗ ಉಕ್ಕಿದ ಲಾವಾ ಹಿಮಕ್ಕೆ ತಾಗಿ ಬೇಗ ತಣಿದು ಗಟ್ಟಿ ಕಲ್ಲಾಯಿತು. ಕಬ್ಬಿಣ ಗೊತ್ತಿಲ್ಲದ ಕಾಲದಲ್ಲಿ ಜನ ಆ ಚಳಿಯಲ್ಲಿ ಹತ್ತಿ, ಆ ಕಲ್ಲನ್ನೇ ಆರಿಸಿ, ಕೊಡಲಿ-ಬಾಚಿ ಮಾಡಿ, ದೋಣಿ ಕೆತ್ತುತ್ತಿದ್ದರು. ಕೆತ್ತಿದ ಚಕ್ಕೆಗಳ ರಾಶಿ ಇನ್ನೂ ಹಾಗೇ ಇದೆ. ಅಲ್ಲಿ ಆಗಲೇ 13 ಟೆಲಿಸ್ಕೋಪ್ ಕಟ್ಟಿಯಾಗಿತ್ತು. ಒಂದು ಹೊಸದು ಕಟ್ಟುವಾಗ ಹಳೆಯದು ತೆಗೀತೇವೆ ಅಂದವರು ತೆಗೆದಿದ್ದು ಯಾವಾಗ? ಎರಡು ಇಳಿದಿದ್ದು 2024ರಲ್ಲಿ. ಟೆಲಿಸ್ಕೋಪುಗಳಿರುವ ಜಾಗ ಹವಾಯಿ ವಿಶ್ವವಿದ್ಯಾಲಯದ ಗುತ್ತಿಗೆಯಲ್ಲಿದೆ, ಅದು 2033ಕ್ಕೆ ಮುಗಿಯುತ್ತದೆ. ಈಗ ಬೆಟ್ಟ ನೋಡಿಕೊಳ್ಳಲು ಹೊಸ ಪ್ರಾಧಿಕಾರ ಇದೆ, ಮೂಲಜನರಿಗೂ ಅದರಲ್ಲಿ ಜಾಗ ಇದೆ. ಅವರು ಬೇಡ ಅಂದರೆ ಬೇಡ ಅಷ್ಟೇ.

ಹೊಸಕೋಟೆ ಗೇಟ್

ಹಳೆಯದು ತೆಗೆಯುವುದರಲ್ಲಿ ತಡ ಮಾಡಿದ್ದು ಹೌದು, ಅದನ್ನು ಒಪ್ಪುತ್ತೇನೆ. ಆದರೆ ಮೂಲಜನರಲ್ಲೂ ಟೆಲಿಸ್ಕೋಪ್ ಬೇಕು ಅನ್ನುವವರಿದ್ದಾರೆ, ಎಲ್ಲರನ್ನೂ ಒಂದೇ ಮೂಟೆಗೆ ಕಟ್ಟಬೇಡಿ. ಮುಂದಿನ ವಾದ ಬೇರೆ ಎಳೆಯಲ್ಲಿ ಮಾಡೋಣ, ಇಲ್ಲಿ ಮೇಡಂ ಪ್ರವಾಸ ಹಾಳಾಗ್ತಿದೆ.

ಸಾಗರದವಳು

ಹಾಳೇನಿಲ್ಲ, ಅಪ್ಪ ಪಕ್ಕದಲ್ಲೇ ಕೂತು ಎಲ್ಲ ಓದಿಸಿಕೊಂಡರು. ಕಡಲ ತಳ ಬಾಗಿದ್ದು ಕೇಳಿ ಎವರೆಸ್ಟ್ ಮರೆತಂತಿದೆ. ಈಗ ಅಪ್ಪ ಮತ್ತು ಇವರು ಟೂರ್ ವ್ಯಾನ್‌ನಲ್ಲಿ ತುದಿಗೆ, ನಾನು-ಅಮ್ಮ-ಮಗ ಕೇಂದ್ರದ ಹತ್ತಿರ ಅಂತ ತೀರ್ಮಾನ. ಎರಡು ಪ್ರಶ್ನೆ: ನಾವು ಮೂವರು ಸಂಜೆ ಅಲ್ಲಿ ಏನು ಮಾಡಬಹುದು? ಪಲಿಲಾ ಅಲ್ಲಿ ಕಾಣುತ್ತಾ?

ಪಲಿಲಾ ಪ್ರೇಮಿ

ಕೇಂದ್ರದ ಹತ್ತಿರ ಪಲಿಲಾ ಕಾಣುವುದು ಕಷ್ಟ. ಬೆಟ್ಟದ ಪಶ್ಚಿಮ ಇಳಿಜಾರಿನಲ್ಲಿ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ ಪಲಿಲಾ ಕಾಡಿನ ನಡಿಗೆ ದಾರಿ ಇದೆ, ಅಲ್ಲಿ ಬೆಳಗ್ಗೆ ಬೇಗ ಹೋಗಿ. ಬೇಲಿಯ ಗೇಟು ಇದೆ, ಒಳಗೆ ಹೋದ ಮೇಲೆ ಮರೆಯದೆ ಹಾಕಿಕೊಳ್ಳಿ. ಮಣ್ಣು ರಸ್ತೆ, ಅದಕ್ಕೂ ಫೋರ್ ವೀಲ್ ಬೇಕು. ಹಕ್ಕಿ ಸಿಗದಿದ್ದರೂ ಮಾಮನೆ ಕೆಳಗೆ ಸೀಳಿ ಬಿಸಾಕಿದ ಕಾಯಿ ಸಿಪ್ಪೆ ಹುಡುಕಲು ಮಗನಿಗೆ ಹೇಳಿ, ಒಳ್ಳೆಯ ಕೆಲಸ.

ಹೊನೊಲುಲು ಭಟ್ಟ

ಸಂಜೆಗೆ ಕೇಂದ್ರದ ಎದುರೇ ಒಂದು ಸಣ್ಣ ಗುಡ್ಡ ಇದೆ, ನಿಧಾನವಾಗಿ ಹತ್ತಿದರೆ ಮೋಡದ ಮೇಲಿನ ಸೂರ್ಯಾಸ್ತ ಅಲ್ಲಿಂದಲೇ ಸಿಗುತ್ತದೆ. ಅಮ್ಮನಿಗೆ ಏದುಸಿರು ಬಂದರೆ ಕೆಳಗೇ ಕೂರಲಿ. ನಕ್ಷತ್ರ ನೋಡಲು ತುದಿಗಿಂತ ಕೇಂದ್ರವೇ ವಾಸಿ, ತುದಿಯಲ್ಲಿ ಮೆದುಳಿಗೇ ಆಮ್ಲಜನಕ ಸಾಲದೆ ಕಣ್ಣು ಮಂಕಾಗುತ್ತದೆ. ಪಾರ್ಕಿಂಗ್ ಸಣ್ಣದು, ಸೂರ್ಯಾಸ್ತದ ಹೊತ್ತಿಗೆ ತುಂಬಿಹೋಗುತ್ತದೆ, ಬೇಗ ಸೇರಿಕೊಳ್ಳಿ. ಮೇಲೆ ಪೆಟ್ರೋಲ್ ಬಂಕ್ ಇಲ್ಲ, ಹಿಲೋದಲ್ಲೋ ವಾಯ್ಮೆಯಾದಲ್ಲೋ ಟ್ಯಾಂಕ್ ತುಂಬಿಸಿ. ಸ್ವೆಟರ್ ಸಾಲಲ್ಲ, ಟೋಪಿ, ಕೈಗವಸು ಬೇಕು. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಒಯ್ದರೆ ಅಮ್ಮ ಎಲ್ಲದಕ್ಕೂ ಒಪ್ಪುತ್ತಾರೆ.